ನ್ಯೂರಾನ್ ಬಂತು ಸರಿ, ಡೋಪಮೈನ್ ಎಲ್ಲಿ?

ಪ್ರಶ್ನೆ: ಸರ್, ಎಂಎಸ್ಸಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಹ್ಯೂಮನ್ ಐಪಿಎಸ್ ಸೆಲ್‌ನಿಂದ (ಮಾಮೂಲಿ ದೇಹದ ಸೆಲ್‌ನ ಹಿಂದಕ್ಕೆ ತಿರುಗಿಸಿ ಮಾಡಿದ ಸ್ಟೆಮ್ ಸೆಲ್) ಡೋಪಮೈನ್ ನ್ಯೂರಾನ್ ಬೆಳೆಸ್ತಾ ಇದ್ದೀನಿ. 28ನೇ ದಿನ ಸ್ಟೇನ್ ಮಾಡಿದೆ. ನ್ಯೂರಾನ್ ಬೇಕಾದಷ್ಟಿವೆ, ಟಿಎಚ್ (ಡೋಪಮೈನ್ ತಯಾರಿಸೋಕೆ ಬೇಕಾದ ಎಂಜೈಮ್) ಪಾಸಿಟಿವ್ ಮಾತ್ರ ಅಲ್ಲೊಂದು ಇಲ್ಲೊಂದು. ಎರಡು ಸಲ ಮಾಡಿದ್ರೂ ಇದೇ ಕಥೆ. ಎಲ್ಲಿ ತಪ್ತಾ ಇದೆ? ಇನ್ನೊಂದು, ಇದೇ ಸೆಲ್‌ಗಳನ್ನ ಪಾರ್ಕಿನ್ಸನ್ಸ್ ರೋಗಿಗಳ ಮೆದುಳಿಗೆ ಹಾಕಿ ಗುಣ ಮಾಡಿದ್ದಾರೆ ಅಂತಾರಲ್ಲ, ಎಷ್ಟು ನಿಜ?

ಉತ್ತರ: ಮೊದಲನೇದಾಗಿ ಆ ಪ್ಲೇಟ್ ಬಿಸಾಕ್ಬೇಡಿ. 28ನೇ ದಿನ ಅಂದ್ರೆ ಈ ಸೆಲ್‌ಗಳ ಲೆಕ್ಕದಲ್ಲಿ ಇನ್ನೂ ಕಣ್ಣು ಬಿಡೋ ಹೊತ್ತು. ಮನುಷ್ಯರ ಭ್ರೂಣದಲ್ಲೂ ಮಿಡ್‌ಬ್ರೇನ್‌ನ (ಮೆದುಳಿನ ನಡುಭಾಗ) ಡೋಪಮೈನ್ ನ್ಯೂರಾನ್ ತಲೆ ಎತ್ತೋದು ಆರರಿಂದ ಎಂಟನೇ ವಾರದ ಹೊತ್ತಿಗೆ, ಇಲಿ ಸೆಲ್ ಎರಡು ವಾರದ ಆಸುಪಾಸಲ್ಲಿ ಮುಗಿಸೋ ಕೆಲಸಕ್ಕೆ ನಮ್ಮ ಸೆಲ್ ತಿಂಗಳುಗಟ್ಟಲೆ ತಗೊಳತ್ತೆ, ಡಿಶ್‌ನಲ್ಲಿಟ್ಟು ಎಷ್ಟೇ ಉಪಚಾರ ಮಾಡಿದ್ರೂ ಆ ಗಡಿಯಾರ ಜಾಸ್ತಿ ಮುಂದಕ್ಕೆ ಓಡಲ್ಲ. ಹಾಗಾಗಿ 28ರಲ್ಲಿ ಕಮ್ಮಿ ಇದ್ದ ಟಿಎಚ್ 45ನೇ ದಿನಕ್ಕೆ ಚೆನ್ನಾಗಿ ಏರಿರೋದನ್ನ ಎಷ್ಟೋ ಸಲ ನೋಡಿದ್ದೀನಿ. ಪ್ಲೇಟ್‌ನ ಒಂದೆರಡು ಬಾವಿ, ಅಂದ್ರೆ ಗುಳಿ, ಹಾಗೇ ಇಟ್ಕೊಂಡು ಕಾಯಿರಿ.

ಆದ್ರೆ ಎರಡು ಸಲವೂ ಒಂದೇ ಥರ ಅಂತೀರಲ್ಲ, ಬರೀ ಕಾದ್ರೆ ಸರಿಹೋಗೋ ಕೇಸ್ ಇದು ಅಂತ ನನಗನ್ನಿಸ್ತಿಲ್ಲ. ಇಂಥದ್ದು ಬಂದಾಗ ಎಲ್ರೂ 28ನೇ ದಿನದ ಮೀಡಿಯಂನಲ್ಲಿ (ಸೆಲ್ ಬೆಳೆಸೋ ದ್ರವ) ಏನೋ ಕಮ್ಮಿ ಇದೆ ಅಂತ ಹುಡುಕ್ತಾರೆ, ನ್ಯೂರಾನ್ ಪೋಷಿಸೋ ಬಿಡಿಎನ್‌ಎಫ್ ಹಳೇದಾ, ಜಿಡಿಎನ್‌ಎಫ್ ಸತ್ತಿದ್ಯಾ ಅಂತ, ದುಡ್ಡು ಸುರಿದು ಹೊಸ ವಯಲ್ ತರಿಸ್ತಾರೆ. ತಪ್ಪು ಆಗಿರೋದು ಅಲ್ಲಲ್ಲ, ಮೊದಲ ಒಂಬತ್ತು ಹತ್ತು ದಿನದಲ್ಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಅಕ್ಷರಶಃ ಅದೇ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಟೆಮ್ ಸೆಲ್‌ಗೆ ನೀನು ಡೋಪಮೈನ್ ನ್ಯೂರಾನ್ ಆಗು ಅಂತ ಹೇಳೋ ಔಷಧಿ ಯಾವುದೂ ಇಲ್ಲ. ನಾವು ಹೇಳೋಕಾಗೋದು ನೀನು ಈಗ ಎಲ್ಲಿದ್ದೀಯ ಅನ್ನೋದಷ್ಟೇ, ತಲೆ ಕಡೆನಾ ಬಾಲದ ಕಡೆನಾ, ಬೆನ್ನಿನ ಕಡೆನಾ ಹೊಟ್ಟೆ ಕಡೆನಾ. ಜಾಗ ಗೊತ್ತಾದ ಮೇಲೆ ಅಲ್ಲಿ ಏನಾಗ್ಬೇಕೋ ಅದು ತಾನೇ ಆಗತ್ತೆ. ನಮಗೆ ಬೇಕಾದ ನ್ಯೂರಾನ್ ಹುಟ್ಟೋ ಜಾಗ ಮಿಡ್‌ಬ್ರೇನ್‌ನ ಫ್ಲೋರ್ ಪ್ಲೇಟ್, ಅಂದ್ರೆ ನರನಾಳದ ತಳದಲ್ಲಿ ನಟ್ಟನಡುವೆ ಇರೋ ಒಂದು ಸಣ್ಣ ಪಟ್ಟಿ. ಈ ಫ್ಲೋರ್ ಪ್ಲೇಟ್ ಬರೀ ಸಿಗ್ನಲ್ ಕಳಿಸೋ ಜಾಗ, ಅಲ್ಲಿಂದ ನ್ಯೂರಾನ್ ಹುಟ್ಟಲ್ಲ ಅಂತಲೇ ಬಹಳ ಕಾಲ ನಂಬಿದ್ರು. 2007-08ರ ಹೊತ್ತಿಗೆ ಇಲಿಗಳಲ್ಲಿ, ಮಿಡ್‌ಬ್ರೇನ್ ಮಟ್ಟಿಗೆ ಅದು ಸುಳ್ಳು, ಡೋಪಮೈನ್ ನ್ಯೂರಾನ್ ಬರೋದೇ ಅಲ್ಲಿಂದ ಅಂತ ಗೊತ್ತಾಯ್ತು. ನನ್ನ ಪ್ರಕಾರ ಇಡೀ ಫೀಲ್ಡ್ ತಿರುಗಿದ್ದು ಅಲ್ಲಿ. ಅದಕ್ಕೂ ಮುಂಚೆ, 1998ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಹ್ಯೂಮನ್ ಎಂಬ್ರಿಯಾನಿಕ್ ಸ್ಟೆಮ್ ಸೆಲ್ ಬೇರ್ಪಡಿಸಿದ ಮೇಲಿನ ಸುಮಾರು ಹತ್ತು ವರ್ಷ, ಇಲಿಯ ಸ್ಟ್ರೋಮಾ ಸೆಲ್ (ಆಧಾರವಾಗಿ ಹರಡೋ ಸೆಲ್) ಮೇಲೆ ಕೂರಿಸಿ, ಉಂಡೆ ಮಾಡಿ, ಏನೇನೋ ಮಾಡಿ ಟಿಎಚ್ ಪಾಸಿಟಿವ್ ಸೆಲ್ ತೆಗೀತಿದ್ರು. ಡಿಶ್‌ನಲ್ಲಿ ಚೆಂದ ಕಾಣ್ತಿದ್ವು, ಪ್ರಾಣಿಯ ಮೆದುಳಿಗೆ ಹಾಕಿದ್ರೆ ಹೆಚ್ಚಿನವು ಉಳೀತಾನೇ ಇರ್ಲಿಲ್ಲ.

ಆಮೇಲೆ 2009ರಲ್ಲಿ ಡ್ಯುಯಲ್ ಸ್ಮ್ಯಾಡ್ ಇನ್ಹಿಬಿಷನ್ ಬಂತು. ಸೆಲ್‌ನ ಚರ್ಮ, ಸ್ನಾಯು, ಕರುಳು ಅಂತ ಎಳೆಯೋ ಎರಡು ಸಿಗ್ನಲ್ ದಾರಿ, ಬಿಎಂಪಿ ಒಂದು, ಆಕ್ಟಿವಿನ್-ನೋಡಲ್ ಇನ್ನೊಂದು, ಎರಡನ್ನೂ ಒಟ್ಟಿಗೆ ಮುಚ್ಚಿಬಿಟ್ರೆ ಸೆಲ್ ಬೇರೆ ದಾರಿ ಇಲ್ದೆ ನ್ಯೂರಲ್ ಆಗತ್ತೆ. ನೀವು ಹಾಕ್ತಿರೋ ಎಸ್‌ಬಿ431542 ಮತ್ತು ನಾಗಿನ್ ಅಥವಾ ಎಲ್‌ಡಿಎನ್ ಮಾಡೋ ಕೆಲಸ ಇದೇ. ನಿಮಗೆ ನ್ಯೂರಾನ್ ಬೇಕಾದಷ್ಟು ಬಂದಿದೆ ಅಂದ್ರೆ ಈ ಹೆಜ್ಜೆ ಸರಿ ಇದೆ, ಇದರ ತಂಟೆಗೆ ಹೋಗ್ಬೇಡಿ. ಸೋನಿಕ್ ಹೆಡ್ಜ್‌ಹಾಗ್ ಅನ್ನೋ ಸಿಗ್ನಲ್ ಪ್ರೋಟೀನ್ ಹಾಕೋದು ಸೆಲ್‌ಗೆ ನೀನು ಹೊಟ್ಟೆ ಕಡೆ ಇದ್ದೀಯ ಅಂತ ಹೇಳೋಕೆ, ಇದೂ ಸಾಮಾನ್ಯವಾಗಿ ಅಷ್ಟು ಕೈ ಕೊಡಲ್ಲ.

ಕೈ ಕೊಡೋದು ಸಿಎಚ್‌ಐಆರ್99021 ಅನ್ನೋ ರಾಸಾಯನಿಕ, ನಾವು ಬಾಯಲ್ಲಿ ಚಿರ್ ಅಂತೀವಿ. ಇದು ಜಿಎಸ್‌ಕೆ3 ಎಂಜೈಮ್‌ನ ತಡೆದು ಬೀಟಾ ಕ್ಯಾಟೆನಿನ್ ಉಳಿಯೋ ಹಾಗೆ ಮಾಡತ್ತೆ, ಅಂದ್ರೆ ವಿಂಟ್ ಸಿಗ್ನಲ್ ಇದೆ ಅಂತ ಸೆಲ್‌ಗೆ ನಂಬಿಸತ್ತೆ, ವಿಂಟ್ ಜಾಸ್ತಿ ಆದಷ್ಟೂ ಸೆಲ್ ನಾನು ಬಾಲದ ಕಡೆ ಇದ್ದೀನಿ ಅಂದ್ಕೊಳತ್ತೆ. ಚಿರ್ ಹಾಕದಿದ್ರೆ ಫೋರ್‌ಬ್ರೇನ್, ಅಂದ್ರೆ ಮೆದುಳಿನ ಮುಂಭಾಗ. 0.7ರಿಂದ 1 ಮೈಕ್ರೋಮೋಲಾರ್ ಹತ್ತಿರ ಮಿಡ್‌ಬ್ರೇನ್. ಅದನ್ನ ದಾಟಿ ಮೇಲೆ ಹೋದ್ರೆ ಹೈಂಡ್‌ಬ್ರೇನ್, ಅಂದ್ರೆ ಹಿಂಭಾಗ, ಅಲ್ಲಿ ಸಿರೊಟೊನಿನ್ ನ್ಯೂರಾನ್ ಬರತ್ತೆ. 2012ರಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಆಗ್ನೆಟೆ ಕಿರ್ಕೆಬಿ, ಮಾಲಿನ್ ಪಾರ್ಮರ್ ತಂಡ ಇದನ್ನ ಡೋಸ್ ಏರಿಸ್ತಾ ಏರಿಸ್ತಾ ಮೆಟ್ಟಿಲು ಮೆಟ್ಟಿಲಾಗಿ ತೋರಿಸ್ತು. ಕಿಟಕಿ ಎಷ್ಟು ಸಣ್ಣದು ನೋಡಿ, ಪಿಪೆಟ್ ಸ್ವಲ್ಪ ಅತ್ತಿತ್ತ ಆದ್ರೆ ಮೆದುಳಿನ ಬೇರೆ ಕೋಣೆಗೇ ಹೋಗ್ಬಿಡ್ತೀವಿ.

ಈಗ ನಿಮಗೊಂದು ಪ್ರಶ್ನೆ, ನಿಮ್ಮ ಪ್ರೋಟೋಕಾಲ್ ಒಂದೇ ಪೇಪರ್‌ನಿಂದ ತಗೊಂಡಿದ್ದಾ ಅಥವಾ ಎರಡು ಮೂರು ಸೇರಿಸಿದ್ದಾ? ಯಾಕೆ ಕೇಳ್ತೀನಂದ್ರೆ 2011ರಲ್ಲಿ ನ್ಯೂಯಾರ್ಕ್‌ನ ಲೊರೆನ್ಜ್ ಸ್ಟೂಡರ್ ಲ್ಯಾಬ್‌ನಿಂದ ಬಂದ ಫ್ಲೋರ್ ಪ್ಲೇಟ್ ಪ್ರೋಟೋಕಾಲ್‌ನಲ್ಲಿ ಚಿರ್ 3 ಮೈಕ್ರೋಮೋಲಾರ್, ಅದೂ ಮೂರನೇ ದಿನದಿಂದ ಶುರು. ಲುಂಡ್‌ನವರದ್ದು 1ಕ್ಕಿಂತ ಕಮ್ಮಿ, ಸೊನ್ನೆ ದಿನದಿಂದಲೇ. ಎರಡೂ ಸರಿ! ಅವರ ಮೀಡಿಯಂ ಬೇರೆ, ಇವರದ್ದು ಬೇರೆ. ಸ್ಟೂಡರ್ ಕಡೆಯವರು ಶುರುವಲ್ಲಿ ನಾಕ್‌ಔಟ್ ಸೀರಂ ರಿಪ್ಲೇಸ್‌ಮೆಂಟ್ ಬಳಸಿದ್ರು, ಲುಂಡ್‌ನವರದ್ದು ಎನ್2-ಬಿ27. ಲುಂಡ್ ಮೀಡಿಯಂಗೆ ಸ್ಟೂಡರ್ ಡೋಸ್ ಹಾಕಿದ್ರೆ ಹೈಂಡ್‌ಬ್ರೇನ್ ಗ್ಯಾರಂಟಿ, ಆಗ ನೀವು ಹೇಳಿದ ಹಾಗೇ ಆಗತ್ತೆ, ನ್ಯೂರಾನ್ ರಾಶಿ, ಟಿಎಚ್ ಇಲ್ಲ. ನನ್ನ ಮೊದಲ ಅನುಮಾನ ಇದರ ಮೇಲೇ. ಒಂದು ಬಾವಿಗೆ ಸಿರೊಟೊನಿನ್ ಸ್ಟೇನ್ ಮಾಡಿ ನೋಡಿ, ಕಂಡ್ರೆ ಡೋಸ್ ಜಾಸ್ತಿ ಆಗಿದೆ ಅಂತ.

ಡೋಸ್ ಪೇಪರ್‌ನಲ್ಲಿದ್ದಷ್ಟೇ ಹಾಕಿದ್ದೀನಿ ಅಂತ ನೀವು ಹೇಳ್ಬಹುದು. ನಾನೂ ಹಾಗೇ ಹೇಳ್ತಿದ್ದೆ. ಪಿಎಚ್‌ಡಿ ಟೈಮಲ್ಲಿ ಮೂರು ತಿಂಗಳು ನನ್ನ ಬ್ಯಾಚ್ ಒಂದು ವಾರ ಫೋರ್‌ಬ್ರೇನ್, ಇನ್ನೊಂದು ವಾರ ಹೈಂಡ್‌ಬ್ರೇನ್, ಹುಚ್ಚು ಹಿಡಿಯೋದೊಂದು ಬಾಕಿ. ಆಮೇಲೆ ಒಂದಿನ ಚಿರ್ ಟ್ಯೂಬ್ ಫ್ರೀಜರ್‌ನಿಂದ ತೆಗೆದು ಲೈಟ್‌ಗೆ ಹಿಡಿದು ನೋಡ್ತೀನಿ, ಮೇಲೆ ನೀರಿನ ಹಾಗಿದೆ, ತಳದಲ್ಲಿ ಇನ್ನೂ ಗಟ್ಟಿ ಬಿಲ್ಲೆ ಥರ ಕೂತಿದೆ. ಚಿರ್ ಕರಗಿಸಿಟ್ಟಿರೋ ದ್ರಾವಕ ಡಿಎಂಎಸ್‌ಒ 18 ಡಿಗ್ರಿ ಹತ್ತಿರವೇ ಗಟ್ಟಿ ಆಗತ್ತೆ, ಎಸಿ ಜೋರಾಗಿರೋ ರೂಮಲ್ಲಿ ಪೂರ್ತಿ ಕರಗೋದೇ ಇಲ್ಲ, ನಾನು ಅವಸರದಲ್ಲಿ ಮೇಲಿಂದ ಹೀರ್ಕೊಂಡು ಹಾಕ್ತಿದ್ದೆ, ಒಂದು ಸಲ ತೆಳು, ಇನ್ನೊಂದು ಸಲ ದಪ್ಪ. ಆವತ್ತಿಂದ 37 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು, ವೋರ್ಟೆಕ್ಸ್ ಮಾಡಿ, ಸ್ಪಿನ್ ಮಾಡಿ, ಮತ್ತೆ ಲೈಟ್‌ಗೆ ಹಿಡಿದು ನೋಡದೆ ಒಂದು ಹನಿಯೂ ತೆಗ್ದಿಲ್ಲ. 10 ಮಿಲಿಮೋಲಾರ್ ಸ್ಟಾಕ್‌ನಿಂದ ಸೀದಾ 0.7 ಮೈಕ್ರೋಮೋಲಾರ್ ಮಾಡೋಕೂ ಹೋಗ್ಬೇಡಿ, 10 ಎಂಎಲ್ ಮೀಡಿಯಂಗೆ 0.7 ಮೈಕ್ರೋಲೀಟರ್ ಬೀಳತ್ತೆ, ಅಷ್ಟನ್ನ ಯಾವ ಕೈಯೂ ಸರಿಯಾಗಿ ಹಾಕಲ್ಲ, ಟಿಪ್‌ನ ಹೊರಗೆ ಅಂಟಿರೋ ಹನಿಯೇ ಅದಕ್ಕಿಂತ ದೊಡ್ಡದಿರತ್ತೆ. ಮಧ್ಯೆ ಒಂದು ಡೈಲ್ಯೂಷನ್ ಮಾಡ್ಕೊಳ್ಳಿ.

ಜೊತೆಗೆ, ಪೇಪರ್‌ನ ಡೋಸ್ ನಿಮ್ಮ ಸೆಲ್ ಲೈನ್‌ಗೆ ಸರಿ ಇರಬೇಕು ಅಂತೇನಿಲ್ಲ. ಒಂದೊಂದು ಲೈನ್‌ಗೆ ಒಂದೊಂದು ಸ್ವಭಾವ. 24 ಬಾವಿ ಪ್ಲೇಟ್‌ನಲ್ಲಿ 0.4, 0.6, 0.8, 1.0, 1.2 ಹಾಕಿ ಒಂದು ಸಲ ಟೈಟ್ರೇಟ್ ಮಾಡಿ. ಬೇಜಾರಿನ ಕೆಲಸ ನಿಜ, ಆದ್ರೆ ಎರಡು ವಾರ ಹೋದ್ರೆ ಎರಡು ತಿಂಗಳು ಉಳಿಯತ್ತೆ.

ಇದಾದ ಮೇಲೆ ಟಿಎಚ್ ಬಗ್ಗೆ ಒಂದು ಮಾತು, ಇದನ್ನ ಹೇಳದೆ ಬಿಟ್ರೆ ನಾಳೆ ನಿಮಗೆ 60 ಪರ್ಸೆಂಟ್ ಟಿಎಚ್ ಬಂದು ಪಾರ್ಟಿ ಮಾಡ್ತೀರ, ಅದು ತಪ್ಪು ನ್ಯೂರಾನ್ ಆಗಿರತ್ತೆ. ಟಿಎಚ್ ಅಂದ್ರೆ ಟೈರೋಸಿನ್ ಹೈಡ್ರಾಕ್ಸಿಲೇಸ್, ಟೈರೋಸಿನ್‌ನ ಎಲ್-ಡೋಪಾ ಮಾಡೋ ಎಂಜೈಮ್. ಇದು ಮಿಡ್‌ಬ್ರೇನ್‌ಗೆ ಮಾತ್ರ ಬರೆದುಕೊಟ್ಟಿರೋ ಆಸ್ತಿ ಅಲ್ಲ. ಹೈಪೊಥಲಾಮಸ್‌ನಲ್ಲಿ ಇದೆ, ಆಲ್ಫ್ಯಾಕ್ಟರಿ ಬಲ್ಬ್‌ನಲ್ಲಿ ಇದೆ, ನಾರ್‌ಅಡ್ರಿನಲಿನ್ ಮಾಡೋ ಸೆಲ್‌ಗಳಲ್ಲೂ ಇದೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಪಾರ್ಕಿನ್ಸನ್ಸ್‌ನಲ್ಲಿ ಸಾಯೋದು ಮುಖ್ಯವಾಗಿ ಮಿಡ್‌ಬ್ರೇನ್‌ನ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಜಾಗದ ಎ9 ಗುಂಪು. ಪಕ್ಕದಲ್ಲೇ ಇರೋ ಎ10 ಗುಂಪು ಅಷ್ಟು ಬೇಗ ಸಾಯಲ್ಲ. ಹಾಗಾಗಿ ಟಿಎಚ್ ಜೊತೆ ಅದೇ ಸೆಲ್‌ನಲ್ಲಿ ಫಾಕ್ಸ್‌ಎ2, ಎಲ್‌ಎಂಎಕ್ಸ್1ಎ ಅನ್ನೋ ಗುರುತಿನ ಪ್ರೋಟೀನ್ ಕೂಡ ಇರಬೇಕು, ಆಮೇಲೆ ನರ್1, ಪಿಟ್‌ಎಕ್ಸ್3, ಗರ್ಕ್2 ಬರಬೇಕು.

ಅದೂ ಸಾಲದು ಅಂತ 2017ರಲ್ಲಿ ಗೊತ್ತಾಯ್ತು, ನನಗಂತೂ ಇದು ತಲೆ ಕೆಡಿಸಿದ ವಿಷಯ. ಲುಂಡ್ ತಂಡದವರು ಬೇರೆ ಬೇರೆ ಬ್ಯಾಚ್‌ಗಳನ್ನ ಇಲಿಗಳ ಮೆದುಳಿಗೆ ಹಾಕಿ ಯಾವುದು ಚೆನ್ನಾಗಿ ಡೋಪಮೈನ್ ನ್ಯೂರಾನ್ ಕೊಡ್ತು ಅಂತ ಹಿಂದಕ್ಕೆ ಲೆಕ್ಕ ಹಾಕಿದ್ರು. ನಾವೆಲ್ಲ ದೇವರ ಹಾಗೆ ನಂಬಿದ್ದ ಫಾಕ್ಸ್‌ಎ2, ಎಲ್‌ಎಂಎಕ್ಸ್1ಎ ಎಷ್ಟಿವೆ ಅನ್ನೋದಕ್ಕೂ ಗ್ರಾಫ್ಟ್ (ಮೆದುಳಿಗೆ ಹಾಕಿದ ಸೆಲ್) ಚೆನ್ನಾಗಿ ಬರೋದಕ್ಕೂ ಸಂಬಂಧವೇ ಸಿಗ್ಲಿಲ್ಲ. ಕಾರಣ, ಮಿಡ್‌ಬ್ರೇನ್‌ಗೆ ಒಂಚೂರು ಮುಂದೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮಾಡೋ ಸೆಲ್‌ಗಳಿವೆ, ಅವೂ ಫಾಕ್ಸ್‌ಎ2, ಎಲ್‌ಎಂಎಕ್ಸ್1ಎ, ಓಟಿಎಕ್ಸ್2 ಮೂರನ್ನೂ ತೋರಿಸ್ತವೆ, ಮೈಕ್ರೋಸ್ಕೋಪ್‌ನಲ್ಲಿ ಅವಳಿ ಜವಳಿ. ಬೆಳೆದ ಮೇಲೆ ಗ್ಲುಟಮೇಟ್ ನ್ಯೂರಾನ್ ಆಗ್ತವೆ, ಡೋಪಮೈನ್ ಕೇಳಿದ್ರೆ ಕೈ ಎತ್ತಿಬಿಡ್ತವೆ. ಇವನ್ನ ಬೇರೆ ಮಾಡಿ ತೋರಿಸೋದು ಇಎನ್1 ಅನ್ನೋ ಜೀನ್, ಅದಿದ್ರೆ ಮಿಡ್‌ಬ್ರೇನ್‌ನ ಹಿಂಭಾಗ. ಬಾರ್‌ಎಚ್‌ಎಲ್1, ಪಿಟ್‌ಎಕ್ಸ್2 ಜೋರಾಗಿದ್ರೆ ಸಬ್‌ಥಲಾಮಿಕ್ ಕಡೆ ಹೋಗಿದೆ ಅಂತ. ನಿಮ್ಮ ಪ್ಲೇಟ್‌ನಲ್ಲಿ ಫಾಕ್ಸ್‌ಎ2 ಚೆನ್ನಾಗಿದ್ದು ಟಿಎಚ್, ಸಿರೊಟೊನಿನ್ ಎರಡೂ ಇಲ್ಲದಿದ್ರೆ ಇದೇ ಆಗಿರೋದು ಅಂತ ನನ್ನ ಎರಡನೇ ಅನುಮಾನ. ಇದಕ್ಕೆ ಮದ್ದು ಎಫ್‌ಜಿಎಫ್8ಬಿ, ಒಂಬತ್ತನೇ ದಿನದಿಂದ ಹದಿನಾರರವರೆಗೆ, ಮಿಲಿಲೀಟರ್‌ಗೆ 100 ನ್ಯಾನೋಗ್ರಾಂ. ಭ್ರೂಣದಲ್ಲೂ ಮಿಡ್‌ಬ್ರೇನ್-ಹೈಂಡ್‌ಬ್ರೇನ್ ಗಡಿಯಿಂದ ಬರೋ ಸಿಗ್ನಲ್ ಅದೇ ತಾನೇ. ಸ್ಟೂಡರ್ ಕಡೆಯವರು 2021ರಲ್ಲಿ ಬೇರೆ ದಾರಿ ತೋರಿಸಿದ್ರು, ಮೊದಲ ನಾಲ್ಕು ದಿನ ಚಿರ್ ಕಮ್ಮಿ ಇಟ್ಟು ಆಮೇಲೆ ಒಂದು ಸಲ ಜೋರಾಗಿ ಏರಿಸೋದು, ಅದರಲ್ಲೂ ಇಎನ್1 ಚೆನ್ನಾಗಿ ಬರತ್ತೆ. ಯಾವುದಾದ್ರೂ ಒಂದು ಹಿಡೀರಿ, ಎರಡನ್ನೂ ಬೆರೆಸ್ಬೇಡಿ ಅಷ್ಟೇ.

ಹನ್ನೊಂದನೇ ದಿನ ಸೆಲ್‌ಗಳನ್ನ ಬಿಡಿಸಿ ಮತ್ತೆ ಕೂರಿಸ್ತೀರಲ್ಲ, ಅಲ್ಲಿ ದಟ್ಟವಾಗಿ ಕೂರಿಸಿ, ಚದರ ಸೆಂಟಿಮೀಟರ್‌ಗೆ ಎಂಟು ಲಕ್ಷ. ಅಷ್ಟೊಂದಾ ಅಂತ ಎಲ್ಲರಿಗೂ ಅನ್ನಿಸತ್ತೆ, ಜಿಪುಣತನ ಮಾಡಿ ಎರಡು ಲಕ್ಷ ಹಾಕ್ತಾರೆ, ಸೆಲ್ ಒಂಟಿಯಾಗಿ ಸಾಯ್ತವೆ. ಆ ಒಂದಿನ, ಬಿಡಿಸಿದ ಸೆಲ್ ಸಾಯದ ಹಾಗೆ ನೋಡ್ಕೊಳೋ ರಾಕ್ ಇನ್ಹಿಬಿಟರ್ ಮರೀಬೇಡಿ. 16ರ ನಂತರ ಬಿಡಿಎನ್‌ಎಫ್, ಜಿಡಿಎನ್‌ಎಫ್, ಆಸ್ಕಾರ್ಬಿಕ್ ಆಸಿಡ್, ಕ್ಯಾಂಪ್, ಡ್ಯಾಪ್ಟ್ ಇವೆಲ್ಲ ಇದ್ದದ್ದೇ. ಡ್ಯಾಪ್ಟ್ ಹಾಕಿದ್ರೆ ನಾಚ್ ಸಿಗ್ನಲ್ ನಿಂತು, ಸುಮ್ನೆ ಡಿವೈಡ್ ಆಗ್ತಾ ಕೂತಿರೋ ಸೆಲ್‌ಗಳು ಡಿವೈಡ್ ಆಗೋದು ಬಿಟ್ಟು ನ್ಯೂರಾನ್ ಆಗ್ತವೆ. 35-40ನೇ ದಿನಕ್ಕೆ ಮೀಡಿಯಂ ಬದಲಾಯಿಸುವಾಗ ಇಡೀ ಪದರವೇ ಚಾಪೆ ಸುತ್ತಿದ ಹಾಗೆ ಎದ್ದು ಬರತ್ತೆ, ಎಲ್ರಿಗೂ ಆಗತ್ತೆ, ಲ್ಯಾಮಿನಿನ್ ಕೋಟಿಂಗ್ ಸರಿಯಾಗಿ ಮಾಡಿ, ಮೀಡಿಯಂ ಅರ್ಧ ಮಾತ್ರ ಬದಲಾಯಿಸಿ, ಬಾವಿ ಗೋಡೆಗೆ ಬಿಟ್ಟು ನಿಧಾನಕ್ಕೆ ಹಾಕಿ.

ಮೈಕೊಪ್ಲಾಸ್ಮಾ (ಸೆಲ್ ಕಲ್ಚರ್ ಕೆಡಿಸೋ ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿಸಿದ್ದೀರಾ ಅಂತ ಕೇಳೋದೂ ಬೇಡ, ಮಾಡಿಸಿರ್ತೀರ ಅಂದ್ಕೊಂಡಿದ್ದೀನಿ. ಪ್ಯಾಸೇಜ್ ನಂಬರ್ (ಸೆಲ್‌ಗಳನ್ನ ಎಷ್ಟು ಸಲ ಬಿಡಿಸಿ ಹೊಸ ಡಿಶ್‌ಗೆ ಹಾಕಿದ್ದೀರೋ ಆ ಲೆಕ್ಕ) 50-60 ದಾಟಿದ್ರೆ ಮಾತ್ರ 20ನೇ ಕ್ರೋಮೋಸೋಮ್ ನೋಡಿಸಿ. 20ಕ್ಯೂ11.21 ಅನ್ನೋ ಜಾಗ ಡಬಲ್ ಆಗೋದು ಹ್ಯೂಮನ್ ಸ್ಟೆಮ್ ಸೆಲ್‌ಗಳ ಹಳೇ ಚಾಳಿ, ಹಾಗಾದ ಸೆಲ್ ಸಾಯೋದು ಕಮ್ಮಿ, ಬೇಗ ಬೇಗ ಇಡೀ ಡಿಶ್ ಆಕ್ರಮಿಸಿಕೊಂಡು ಬಿಡತ್ತೆ, ನ್ಯೂರಲ್ ಕಡೆ ಹೋಗು ಅಂದ್ರೆ ತಕರಾರು ಮಾಡತ್ತೆ. ತುಂಡು ಸಣ್ಣದು, ಮಾಮೂಲಿ ಕ್ಯಾರಿಯೋಟೈಪ್‌ನಲ್ಲಿ ಎಷ್ಟೋ ಸಲ ಕಣ್ಣಿಗೇ ಬೀಳಲ್ಲ.

ಎರಡನೇ ಪ್ರಶ್ನೆ. ರೋಗಿಗಳಿಗೆ ಹಾಕ್ತಿರೋದು ನಿಜ, ಗುಣ ಆಗಿದೆ ಅನ್ನೋ ಮಾತು ಈಗಲೇ ಜಾಸ್ತಿ ಆಯ್ತು. ಈ ಕಥೆ ಸ್ಟೆಮ್ ಸೆಲ್‌ಗಿಂತ ಹಳೇದು. 1987ರಲ್ಲಿ ಲುಂಡ್‌ನಲ್ಲೇ, ಗರ್ಭಪಾತ ಆದ ಭ್ರೂಣದ ಮಿಡ್‌ಬ್ರೇನ್ ಅಂಗಾಂಶವನ್ನ ರೋಗಿಗಳಿಗೆ ಹಾಕೋಕೆ ಶುರು ಮಾಡಿದ್ರು. ಕೆಲವರಿಗೆ ವರ್ಷಗಟ್ಟಲೆ ಲಾಭ ಆಯ್ತು, ಕೆಲವರಿಗೆ ಏನೂ ಆಗ್ಲಿಲ್ಲ. ಒಬ್ಬ ರೋಗಿಗೇ ಹಲವು ಭ್ರೂಣ ಬೇಕು, ಅಂಗಾಂಶ ಒಂದೊಂದು ದಿನ ಒಂದೊಂದು ಥರ, ಇದನ್ನ ಎಲ್ಲರಿಗೂ ಕೊಡೋ ಚಿಕಿತ್ಸೆ ಮಾಡೋಕೆ ಸಾಧ್ಯನೇ ಇರ್ಲಿಲ್ಲ. ಅಮೆರಿಕದಲ್ಲಿ 40 ರೋಗಿಗಳಲ್ಲಿ ಅರ್ಧ ಜನಕ್ಕೆ ತಲೆಬುರುಡೆಗೆ ತೂತು ಮಾತ್ರ ಕೊರೆದು ಸೆಲ್ ಹಾಕದೆ ಹೋಲಿಸಿ ನೋಡಿದ್ರು, 2001ರಲ್ಲಿ ರಿಸಲ್ಟ್ ಬಂತು, 60ಕ್ಕಿಂತ ಚಿಕ್ಕವರಲ್ಲಿ ಸ್ವಲ್ಪ ಸುಧಾರಣೆ, ವಯಸ್ಸಾದವರಲ್ಲಿ ಇಲ್ಲ, ಮೇಲಾಗಿ ಕೆಲವರಿಗೆ ಔಷಧಿ ತಗೊಳ್ಳದಿದ್ದಾಗಲೂ ಕೈಕಾಲು ತಾನಾಗೇ ಕುಣಿಯೋ ಡಿಸ್ಕೈನೇಷಿಯಾ ಶುರುವಾಯ್ತು. ಆ ಅಂಗಾಂಶದ ಜೊತೆ ಸೇರ್ಕೊಂಡು ಬಂದ ಸಿರೊಟೊನಿನ್ ನ್ಯೂರಾನ್‌ಗಳ ಮೇಲೆ ಇದಕ್ಕೆ ಬಲವಾದ ಅನುಮಾನ ಇದೆ. ಮೇಲೆ ಚಿರ್ ಬಗ್ಗೆ ಅಷ್ಟು ಕೊರೆದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ನಿಮ್ಮ ಡಿಶ್‌ನಲ್ಲಿ ಹೈಂಡ್‌ಬ್ರೇನ್ ಬಂದ್ರೆ ಪ್ರಾಜೆಕ್ಟ್ ಲೇಟಾಗತ್ತೆ, ಸಿರಿಂಜ್‌ನಲ್ಲಿ ಬಂದ್ರೆ ಒಬ್ಬ ಮನುಷ್ಯ ನರಳ್ತಾನೆ.

ಸ್ಟೆಮ್ ಸೆಲ್ ಕಡೆ ನೋಡಿದ್ರೆ, ಜಪಾನ್‌ನ ಕ್ಯೋಟೋದಲ್ಲಿ ಶಿನ್ಯಾ ಯಮನಾಕ 2007ರಲ್ಲಿ ಮನುಷ್ಯರ ಚರ್ಮದ ಸೆಲ್‌ನಿಂದ ಐಪಿಎಸ್ ಮಾಡಿದ್ರು, ಅದೇ ಕ್ಯೋಟೋದಲ್ಲಿ ಜುನ್ ತಕಾಹಾಶಿ ತಂಡ 2018ರಲ್ಲಿ ರೋಗಿಗಳಿಗೆ ಹಾಕೋಕೆ ಶುರು ಮಾಡ್ತು. ಏಳು ಜನರ ಫಲಿತಾಂಶ 2025ರ ಏಪ್ರಿಲ್‌ನಲ್ಲಿ ಬಂತು. ಎರಡು ವರ್ಷದಲ್ಲಿ ಗಡ್ಡೆ ಆಗಿಲ್ಲ, ಗಂಭೀರ ತೊಂದರೆ ಆಗಿಲ್ಲ, ಲಾಭ ಅಳೆದ ಆರು ಜನರಲ್ಲಿ ನಾಲ್ವರಿಗೆ ಔಷಧಿ ಇಲ್ಲದ ಹೊತ್ತಿನ ಚಲನೆ ಸುಧಾರಿಸಿದೆ, ಪೆಟ್ ಸ್ಕ್ಯಾನ್‌ನಲ್ಲಿ ಡೋಪಮೈನ್ ತಯಾರಾಗ್ತಿರೋದು ಕಾಣತ್ತೆ. ಅದರ ಜೊತೆಗೇ ಬಂದ ಇನ್ನೊಂದು ಟ್ರಯಲ್‌ನಲ್ಲಿ, ಸ್ಟೂಡರ್ ಮತ್ತು ವಿವಿಯನ್ ಟಬಾರ್ ಅವರ ಎಂಬ್ರಿಯಾನಿಕ್ ಸೆಲ್‌ನಿಂದ ಮಾಡಿದ್ದು, ಹನ್ನೆರಡು ಜನಕ್ಕೆ ಹಾಕಿದ್ರು, ಕಮ್ಮಿ ಡೋಸ್‌ನಲ್ಲಿ ಪ್ರತಿ ಪುಟಾಮೆನ್‌ಗೆ (ಮೆದುಳಿನೊಳಗೆ ಎರಡೂ ಬದಿ ಇರೋ, ಚಲನೆ ನೋಡ್ಕೊಳೋ ಭಾಗ) 9 ಲಕ್ಷ ಸೆಲ್, ಹೆಚ್ಚು ಡೋಸ್‌ನಲ್ಲಿ 27 ಲಕ್ಷ. ಅಲ್ಲೂ ಸುರಕ್ಷಿತ. ಆದ್ರೆ ಎರಡರಲ್ಲೂ ಹೋಲಿಸಿ ನೋಡೋಕೆ ಸುಳ್ಳು ಆಪರೇಷನ್ ಆದ ಗುಂಪು ಇರ್ಲಿಲ್ಲ, ರೋಗಿಗೂ ಗೊತ್ತು ಡಾಕ್ಟರ್‌ಗೂ ಗೊತ್ತು. ಪಾರ್ಕಿನ್ಸನ್ಸ್‌ನಲ್ಲಿ ಪ್ಲಾಸಿಬೋ ಪರಿಣಾಮ ಎಷ್ಟು ದೊಡ್ಡದು ಅಂದ್ರೆ, ಒಳ್ಳೇದಾಗತ್ತೆ ಅನ್ನೋ ನಂಬಿಕೆಗೇ ಮೆದುಳು ಡೋಪಮೈನ್ ಬಿಡುಗಡೆ ಮಾಡತ್ತೆ, ಅದನ್ನೂ ಸ್ಕ್ಯಾನ್‌ನಲ್ಲಿ ನೋಡಿದ್ದಾರೆ.

ಇನ್ನೊಂದು ತಪ್ಪು ಕಲ್ಪನೆ ನಿಮ್ಮ ಪ್ರಶ್ನೆಯಲ್ಲೇ ಇದೆ, "ಇದೇ ಸೆಲ್" ಅಂದಿದ್ದೀರ. ನಿಮ್ಮ 28ನೇ ದಿನದ ನ್ಯೂರಾನ್ ಬಿಡಿಸಿ ಸೂಜಿಯಲ್ಲಿ ಹಾಕಿದ್ರೆ ಆಕ್ಸಾನ್ ಎಲ್ಲ ಹರಿದು ಹೋಗಿ ಬಹುತೇಕ ಸಾಯ್ತವೆ. ಅಮೆರಿಕದವರು, ಲುಂಡ್‌ನವರು ಹಾಕೋದು 16ನೇ ದಿನದ ಹತ್ತಿರದ ಪ್ರೊಜೆನಿಟರ್, ಅಂದ್ರೆ ನ್ಯೂರಾನ್ ಆಗೋ ಮುಂಚಿನ ಸೆಲ್, ಇನ್ನೂ ಟಿಎಚ್ ಬಂದೇ ಇರಲ್ಲ. ಕ್ಯೋಟೋದವರು ಕೋರಿನ್ ಅನ್ನೋ ಫ್ಲೋರ್ ಪ್ಲೇಟ್ ಪ್ರೋಟೀನ್ ಹಿಡಿದು ಸೆಲ್ ಸಾರ್ಟ್ ಮಾಡಿ, ಸಣ್ಣ ಉಂಡೆಗಳಾಗಿ ಒಂದು ತಿಂಗಳವರೆಗೆ ಬೆಳೆಸಿ, ಉಂಡೆ ಒಡೆಯದೆ ಹಾಕ್ತಾರೆ. ಹಾಕೋದೂ ಸಬ್‌ಸ್ಟಾನ್ಷಿಯಾ ನೈಗ್ರಾಕ್ಕಲ್ಲ, ಡೋಪಮೈನ್ ಬೇಕಿರೋ ಪುಟಾಮೆನ್‌ಗೇ, ಯಾಕಂದ್ರೆ ದೊಡ್ಡವರ ಮೆದುಳಲ್ಲಿ ಅಷ್ಟು ದೂರ ಆಕ್ಸಾನ್ ಬೆಳೆದು ಬರತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ಇದರ ಜೊತೆ, ಸ್ಟೆಮ್ ಸೆಲ್ ಒಂದೂ ಉಳಿದಿಲ್ಲ ಅಂತ ಓಸಿಟಿ4 ನೋಡೋದು, ಇಡೀ ಜೀನೋಮ್ ಓದೋದು, ಪ್ರಾಣಿಗಳಲ್ಲಿ ತಿಂಗಳುಗಟ್ಟಲೆ ಗಡ್ಡೆ ಟೆಸ್ಟ್, ಇವೆಲ್ಲ ಆಗಿರತ್ತೆ. ಹಾಗಾಗಿ ದುಡ್ಡು ತಗೊಂಡು ರಕ್ತನಾಳಕ್ಕೆ ಸ್ಟೆಮ್ ಸೆಲ್ ಚುಚ್ಚಿ ಪಾರ್ಕಿನ್ಸನ್ಸ್ ವಾಸಿ ಮಾಡ್ತೀವಿ ಅನ್ನೋ ಜಾಹೀರಾತು ನಿಮ್ಮ ಮನೆಯವರು ಯಾರಾದ್ರೂ ತೋರಿಸಿದ್ರೆ, ಅದಕ್ಕೂ ನಾನಿಲ್ಲಿ ಹೇಳಿದ್ದಕ್ಕೂ ಸಂಬಂಧವೇ ಇಲ್ಲ ಅಂತ ಖಡಾಖಂಡಿತ ಹೇಳಿಬಿಡಿ.

ನಿಮ್ಮ ಪ್ಲೇಟ್‌ಗೆ ವಾಪಸ್ ಬರೋಣ. ಮುಂದಿನ ಬ್ಯಾಚ್‌ನಲ್ಲಿ 28ರವರೆಗೆ ಕಾಯ್ಬೇಡಿ, 14 ಅಥವಾ 16ನೇ ದಿನ ಒಂದು ಬಾವಿ ತ್ಯಾಗ ಮಾಡಿ ಕ್ಯೂಪಿಸಿಆರ್ (ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೆಯೋ ಟೆಸ್ಟ್) ಮಾಡಿ, ಇಎನ್1, ಓಟಿಎಕ್ಸ್2, ಬಾರ್‌ಎಚ್‌ಎಲ್1, ಫೋರ್‌ಬ್ರೇನ್‌ಗೆ ಫಾಕ್ಸ್‌ಜಿ1, ಹೈಂಡ್‌ಬ್ರೇನ್‌ಗೆ ಹಾಕ್ಸ್‌ಎ2. ಆ ಐದು ನಂಬರ್, ನಿಮ್ಮ ಮೀಡಿಯಂ ಯಾವುದು, ಚಿರ್ ಎಷ್ಟು ಯಾವ ದಿನದಿಂದ, ಪ್ಯಾಸೇಜ್ ಎಷ್ಟನೇದು, ಇಷ್ಟು ಬರೆದು ಕಳಿಸಿ. ಫೋಟೋ ಕಳಿಸೋದಾದ್ರೆ ಚೆಂದದ ಜಾಗ ಆರಿಸಿ ತೆಗೆದಿದ್ದು ಬೇಡ, ಬಾವಿಯ ನಡುಮಧ್ಯದ್ದು ಒಂದು, ಅಂಚಿನದ್ದು ಒಂದು.